ಅನುಕೂಲಕ್ಕಾಗಿ ಆದ ಮದುವೆ: ಹಳೆಯ ಪ್ರೇಮಕಾದಂಬರಿಗಳು ಹೇಳುವುದೇನು?



ಹುಡುಗನಿಗೆ ಒಳ್ಳೆಯ ನೌಕರಿ ಇದೆ, ಸ್ವಂತ ಮನೆ ಇದೆ, ಕುಡಿತವಿಲ್ಲ, ಭಾನುವಾರ ತಪ್ಪದೆ ಪೂಜೆಗೆ ಬರುತ್ತಾನೆ. "ಇನ್ನೇನು ಬೇಕು?" ಎಂದು ಮನೆಯವರು ಕೇಳುತ್ತಾರೆ. ಹುಡುಗಿ ಮಾತ್ರ ತಲೆ ತಗ್ಗಿಸಿ ಕೂತಿದ್ದಾಳೆ. ಈ ದೃಶ್ಯ ನಿಮಗೆ ಹೊಸದಲ್ಲ. ಇನ್ನೂರು ವರ್ಷಗಳ ಹಿಂದಿನ ಇಂಗ್ಲೆಂಡಿನವರಿಗೂ ಇದು ಹೊಸದಾಗಿರಲಿಲ್ಲ.

ಆ ಕಾಲದ ಕಥೆಗಳು ಈಗ ನಮ್ಮ ಮನೆಗಳಿಗೂ ಬಂದಿವೆ. ಇಂಗ್ಲಿಷ್ ಸಾಹಿತ್ಯ ಓದುವ ಮಗಳ ಚೀಲದಲ್ಲಿ ಜೇನ್ ಆಸ್ಟಿನ್ ಅವರ ಕಾದಂಬರಿ ಇರುತ್ತದೆ. 1995ರ ಬಿಬಿಸಿ ಧಾರಾವಾಹಿ 'ಪ್ರೈಡ್ ಅಂಡ್ ಪ್ರಿಜುಡಿಸ್', ಅದೇ ಕಥೆಯ 2005ರ ಚಲನಚಿತ್ರ, 2020ರಲ್ಲಿ ಆರಂಭವಾದ 'ಬ್ರಿಜರ್ಟನ್' ಇವನ್ನೆಲ್ಲ ಮಕ್ಕಳು ಮೊಬೈಲಿನಲ್ಲಿಯೇ ನೋಡುತ್ತಾರೆ. ಪಕ್ಕದಲ್ಲಿ ಕೂತ ತಾಯಂದಿರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾತು ಆಡುವುದುಂಟು. "ಅಯ್ಯೋ, ಈ ಬಿಳಿಯರೂ ನಮ್ಮ ಹಾಗೆಯೇ ಆಸ್ತಿಪಾಸ್ತಿ ವಿಚಾರಿಸಿ ಹೆಣ್ಣು ಕೊಡುತ್ತಿದ್ದರಲ್ಲ!" ಎನ್ನುವುದು ಒಂದು. "ಪ್ರೀತಿಯೊಂದಿದ್ದರೆ ಸಾಕು ಅಂತ ಹುಡುಗಿಯರ ತಲೆ ಕೆಡಿಸುವ ಕಥೆಗಳು" ಎನ್ನುವುದು ಇನ್ನೊಂದು. ಎರಡರಲ್ಲೂ ಅರ್ಧ ಸತ್ಯವಿದೆ. ಆದರೆ ಆ ಕಾದಂಬರಿಗಳನ್ನು ನಿಧಾನವಾಗಿ ಓದಿದರೆ ಬೇರೊಂದು ಪ್ರಶ್ನೆ ಎದುರಾಗುತ್ತದೆ. ಹಣ ನೋಡಿ ಮದುವೆಯಾದದ್ದು ಸರಿಯೋ ತಪ್ಪೋ ಎನ್ನುವುದಕ್ಕಿಂತ, 'ಬೇಡ' ಎನ್ನುವ ಸ್ವಾತಂತ್ರ್ಯ ಆ ಹುಡುಗಿಗೆ ಇತ್ತೇ ಎಂಬುದನ್ನೇ ಅವು ಹೆಚ್ಚು ಕೇಳುತ್ತವೆ. ತಂದೆತಾಯಿಗಳಾದ ನಮಗೆ ಮುಖ್ಯವಾದದ್ದೂ ಅದೇ.

ಆ ಕಾಲದ ಲೆಕ್ಕ

ಮೊದಲು ಅಲ್ಲಿಯ ಲೆಕ್ಕಾಚಾರ ತಿಳಿಯಬೇಕು. 1813ರಲ್ಲಿ ಪ್ರಕಟವಾದ 'ಪ್ರೈಡ್ ಅಂಡ್ ಪ್ರಿಜುಡಿಸ್'ನಲ್ಲಿ ಬೆನೆಟ್ ದಂಪತಿಗೆ ಐವರು ಹೆಣ್ಣುಮಕ್ಕಳು, ಗಂಡು ಸಂತಾನವಿಲ್ಲ. ಜಮೀನಿನಿಂದ ವರ್ಷಕ್ಕೆ 2000 ಪೌಂಡ್ ಬರುತ್ತದೆ. ಆದರೆ ಆ ಜಮೀನು ಗಂಡಸರಿಗೇ ಇಳಿಯಬೇಕೆಂದು ಹಿಂದೆಯೇ ಕಟ್ಟುಮಾಡಿಟ್ಟದ್ದು. ತಂದೆ ಕಣ್ಣು ಮುಚ್ಚಿದ ದಿನ ಅದು ದಾಯಾದಿಯಾದ ಕಾಲಿನ್ಸನ ಪಾಲಾಗುತ್ತದೆ. ಹೆಣ್ಣುಮಕ್ಕಳಿಗೆ ಉಳಿಯುವುದು ತಾಯಿಯ ಹೆಸರಿನ 5000 ಪೌಂಡ್ ಮಾತ್ರ. ಐವರಿಗೆ ಹಂಚಿದರೆ ತಲೆಗೆ ಒಂದು ಸಾವಿರ, ಅದೂ ತಾಯಿಯ ಮರಣದ ನಂತರ. ನೂರಕ್ಕೆ ನಾಲ್ಕರ ಬಡ್ಡಿಯಲ್ಲಿ ವರ್ಷಕ್ಕೆ 40 ಪೌಂಡ್. ಎರಡನೆಯ ಮಗಳು ಎಲಿಜಬೆತಳ ಕೈ ಕೇಳಲು ಬಂದ ಕಾಲಿನ್ಸ್ ಈ ಸಾವಿರ ಪೌಂಡಿನ ಲೆಕ್ಕವನ್ನು ಅವಳ ಮುಖದೆದುರೇ ಹೇಳುತ್ತಾನೆ. ಹೇಳಿ, ಇದನ್ನು ಮದುವೆಯಾದ ಮೇಲೆ ಎತ್ತಿ ಆಡುವುದಿಲ್ಲವೆಂದು ಉದಾರವಾಗಿ ಆಶ್ವಾಸನೆಯನ್ನೂ ಕೊಡುತ್ತಾನೆ. ಓದುವಾಗ ನಗು ಬರುತ್ತದೆ. ಲೆಕ್ಕ ಮಾತ್ರ ತಪ್ಪಲ್ಲ.

ಮದುವೆಯಾದ ಹೆಣ್ಣಿಗೆ ಅಂದಿನ ಕಾನೂನಿನಲ್ಲಿ ಗಂಡನಿಂದ ಬೇರೆಯಾದ ಅಸ್ತಿತ್ವವೇ ಇರಲಿಲ್ಲ. ಮದುವೆಗೆ ಮುಂಚೆಯೇ ಕರಾರು ಬರೆಸಿಕೊಂಡಿರದಿದ್ದರೆ ಅವಳ ನಗದು, ಒಡವೆ ಎಲ್ಲ ಗಂಡನದೇ. ಹೆಂಡತಿಗೆ ತನ್ನ ಆಸ್ತಿಯ ಮೇಲೆ ಪೂರ್ಣ ಹಕ್ಕು ಬಂದದ್ದು 1882ರ ಕಾಯ್ದೆಯಿಂದ. ಇನ್ನು ಮದುವೆಯಾಗದೆ ಉಳಿದರೆ? ಮರ್ಯಾದಸ್ಥ ಕುಟುಂಬದ ಹೆಣ್ಣಿಗೆ ತೆರೆದಿದ್ದ ಕೆಲಸಗಳು ತೀರ ಕಡಮೆ. ಶ್ರೀಮಂತರ ಮನೆಯಲ್ಲಿ ಉಳಿದು ಮಕ್ಕಳಿಗೆ ಪಾಠ ಹೇಳುವ ಗವರ್ನೆಸ್ ಆಗಬಹುದಿತ್ತು. ಇಲ್ಲವಾದರೆ ಅಣ್ಣತಮ್ಮಂದಿರ ಮನೆಯ ಮೂಲೆಯೇ ಗತಿ.

ಷಾರ್ಲೆಟ್ ತಪ್ಪು ಮಾಡಿದಳೇ?

ಎಲಿಜಬೆತ್ ಕಾಲಿನ್ಸನನ್ನು ನಿರಾಕರಿಸುತ್ತಾಳೆ. ಅಷ್ಟರಲ್ಲಿಯೇ, ಮೂರು ದಿನವೂ ಕಳೆಯುವ ಮೊದಲೇ, ಅವಳ ಆಪ್ತ ಗೆಳತಿ ಷಾರ್ಲೆಟ್ ಲ್ಯೂಕಾಸ್ ಅದೇ ಮನುಷ್ಯನನ್ನು ಒಪ್ಪಿಕೊಳ್ಳುತ್ತಾಳೆ. ಷಾರ್ಲೆಟಳಿಗೆ 27 ವರ್ಷ. ರೂಪವಂತೆಯಲ್ಲ, ಹಣವಿಲ್ಲ. ಕಾಲಿನ್ಸ್ ಆಂಗ್ಲಿಕನ್ ಸಭೆಯ ಪಾದ್ರಿ. ಆದರೆ ಅವನ ಬಾಯಲ್ಲಿ ದೇವರಿಗಿಂತ ಹೆಚ್ಚಾಗಿ ಬರುವುದು ಅವನ ಪೋಷಕಿ ಲೇಡಿ ಕ್ಯಾಥರೀನಳ ಹೆಸರು. ಅವನು ದಡ್ಡನೆಂದು ಷಾರ್ಲೆಟಳಿಗೆ ಚೆನ್ನಾಗಿಯೇ ಗೊತ್ತು. ತನಗೆ ಬೇಕಾದದ್ದು ಒಂದು ನೆಮ್ಮದಿಯ ಮನೆ ಎಂದು ಅವಳು ಗೆಳತಿಯ ಮುಂದೆ ನೇರವಾಗಿ ಹೇಳುತ್ತಾಳೆ.

ಸುದ್ದಿ ತಿಳಿದಾಗ ಅವಳ ಮನೆಯಲ್ಲಿ ಏನಾಯಿತೆಂಬುದನ್ನು ಲೇಖಕಿ ಕೆಲವೇ ಸಾಲುಗಳಲ್ಲಿ ಹೇಳಿ ಮುಗಿಸುತ್ತಾರೆ. ಆ ಸಾಲುಗಳನ್ನು ನಾನು ಓದಿದಾಗಲೆಲ್ಲ ಮನಸ್ಸು ಚುಚ್ಚುತ್ತದೆ. ತಾಯಿ ಮಿಸ್ಟರ್ ಬೆನೆಟ್ ಇನ್ನೆಷ್ಟು ವರ್ಷ ಬದುಕಬಹುದೆಂದು ಲೆಕ್ಕ ಹಾಕತೊಡಗುತ್ತಾಳೆ. ಅಕ್ಕನ ದಾರಿ ತೆರವಾದದ್ದರಿಂದ ತಂಗಿಯರು ಒಂದೆರಡು ವರ್ಷ ಮುಂಚಿತವಾಗಿ ನೃತ್ಯಕೂಟಗಳಿಗೆ ಹೋಗಬಹುದೆಂದು ಹಿಗ್ಗುತ್ತಾರೆ. ಅಕ್ಕ ಮದುವೆಯಾಗದೆ ತಮ್ಮ ಕುತ್ತಿಗೆಗೆ ಬೀಳುತ್ತಾಳೇನೋ ಎಂದು ಹೆದರಿದ್ದ ತಮ್ಮಂದಿರು ನಿಟ್ಟುಸಿರು ಬಿಡುತ್ತಾರೆ. ಯಾರೂ ಅವಳನ್ನು ಬಲವಂತಪಡಿಸಲಿಲ್ಲ, ನಿಜ. ಆದರೆ ಇಂಥ ಮನೆಯಲ್ಲಿ ಬಲವಂತದ ಅಗತ್ಯವೇ ಇರುವುದಿಲ್ಲ.

ಮುಂದೆ ಎಲಿಜಬೆತ್ ಗೆಳತಿಯ ಮನೆಗೆ ಹೋಗಿ ನೋಡುತ್ತಾಳೆ. ಷಾರ್ಲೆಟ್ ಮನೆಯನ್ನು ಅಚ್ಚುಕಟ್ಟಾಗಿ ಇಟ್ಟಿದ್ದಾಳೆ. ತಾನು ದಿನವೂ ಕೂರಲು ಮನೆಯ ಹಿಂಬದಿಯ ಸಣ್ಣ ಕೋಣೆಯನ್ನು ಆರಿಸಿಕೊಂಡಿದ್ದಾಳೆ. ಮುಂಬದಿಯ ಒಳ್ಳೆಯ ಕೋಣೆಯಲ್ಲಿ ಕೂತರೆ ಗಂಡ ಅಲ್ಲಿಗೇ ಬಂದು ಕೂರುತ್ತಾನಲ್ಲ! ತೋಟದ ಕೆಲಸ ಆರೋಗ್ಯಕ್ಕೆ ಒಳ್ಳೆಯದೆಂದು ಅವನನ್ನು ಹುರಿದುಂಬಿಸಿ ಹೊರಗೆ ಕಳುಹಿಸುತ್ತಾಳೆ. ಜಗಳವಿಲ್ಲ, ಕಣ್ಣೀರಿಲ್ಲ. ಬೇರೆಯವರೆದುರು ಗಂಡನನ್ನು ಹೀಗಳೆಯುವುದೂ ಇಲ್ಲ. ಅವನು ನಾಚಿಕೆಗೇಡಿನ ಮಾತಾಡಿದಾಗ ಕೇಳದವಳಂತೆ ಸುಮ್ಮನಿರುತ್ತಾಳೆ. ಕೊಟ್ಟ ಮಾತಿಗೆ ಅವಳು ತಪ್ಪಲಿಲ್ಲ. ಇದನ್ನು ಸುಖವೆನ್ನಬೇಕೋ ದುಃಖವೆನ್ನಬೇಕೋ, ಲೇಖಕಿ ತೀರ್ಪು ಕೊಡುವುದಿಲ್ಲ. ನಾನು ಕೇಳಿದರೆ, ಷಾರ್ಲೆಟಳನ್ನು ದೂರುವ ಮೊದಲು ಆ ತಮ್ಮಂದಿರನ್ನು ದೂರುತ್ತೇನೆ.

ಎಲಿಜಬೆತಳ ನ್ಯಾಯದಲ್ಲೂ ಒಂದು ವಕ್ರವಿದೆ. ಗೆಳತಿಯನ್ನು ಅಷ್ಟು ಕಠಿಣವಾಗಿ ಅಳೆದವಳು, ತನಗೆ ಮೆಚ್ಚುಗೆಯಾಗಿದ್ದ ಸೈನ್ಯಾಧಿಕಾರಿ ವಿಕ್‌ಹ್ಯಾಮ್ ಹತ್ತು ಸಾವಿರ ಪೌಂಡಿನ ಒಡತಿಯ ಬೆನ್ನು ಹತ್ತಿದಾಗ ಅವನ ಪರವಾಗಿಯೇ ವಾದಿಸುತ್ತಾಳೆ. ದುರಾಸೆಗೂ ವಿವೇಕಕ್ಕೂ ಗೆರೆ ಎಲ್ಲಿದೆ ಎಂದು ಅತ್ತೆಯನ್ನೇ ತಿರುಗಿ ಕೇಳುತ್ತಾಳೆ. ನಾವೂ ಹಾಗೆಯೇ ಅಲ್ಲವೇ? ನಮ್ಮ ಮಗ ಅನುಕೂಲಸ್ಥರ ಮನೆಯ ಹೆಣ್ಣು ತಂದರೆ ಜಾಣತನ, ಪಕ್ಕದ ಮನೆಯವನು ತಂದರೆ ಹಣದಾಸೆ.

ಲೇಖಕಿಯೇ ತೆಗೆದುಕೊಂಡ ನಿರ್ಧಾರ

ಜೇನ್ ಆಸ್ಟಿನ್ ಇದನ್ನು ಹೊರಗಿನಿಂದ ನೋಡಿ ಬರೆದವರಲ್ಲ. 1802ರ ಡಿಸೆಂಬರ್ 2ರಂದು ಹ್ಯಾಂಪ್‌ಶೈರಿನ ಮ್ಯಾನಿಡೌನ್ ಎಂಬ ದೊಡ್ಡ ಮನೆಯಲ್ಲಿ ಅವರಿಗೂ ಒಂದು ಸಂಬಂಧ ಬಂತು. ಹುಡುಗ ಆ ಮನೆಯ ವಾರಸುದಾರ ಹ್ಯಾರಿಸ್ ಬಿಗ್-ವಿದರ್, ವಯಸ್ಸು 21. ಅವರಿಗೆ ಇನ್ನೆರಡು ವಾರದಲ್ಲಿ 27 ತುಂಬುತ್ತಿತ್ತು. ಹುಡುಗನ ಅಕ್ಕಂದಿರು ಆಪ್ತ ಗೆಳತಿಯರು. ಒಪ್ಪಿದರೆ ತನಗೆ ಮಾತ್ರವಲ್ಲ, ತಂದೆತಾಯಿಗೂ ಮದುವೆಯಾಗದ ಅಕ್ಕನಿಗೂ ಆಸರೆ. ಅವರು ಒಪ್ಪಿದರು. ರಾತ್ರಿ ಕಳೆದು ಬೆಳಗಾದಾಗ ಮಾತು ಹಿಂದಕ್ಕೆ ತೆಗೆದುಕೊಂಡು ಆ ಮನೆಯಿಂದ ಹೊರಟುಬಿಟ್ಟರು.

ಅದರ ಬೆಲೆಯನ್ನೂ ತೆತ್ತರು. 1805ರ ಜನವರಿಯಲ್ಲಿ ತಂದೆ ತೀರಿಕೊಂಡ ಮೇಲೆ ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳು ಸಹೋದರರು ಕೂಡಿಸಿ ಕೊಡುತ್ತಿದ್ದ ಹಣವನ್ನು ನೆಚ್ಚಬೇಕಾಯಿತು. ಸ್ಥಿರವಾದ ಮನೆ ಸಿಕ್ಕಿದ್ದು 1809ರಲ್ಲಿ, ಸಹೋದರ ಎಡ್ವರ್ಡ್ ಚಾಟನ್ ಊರಿನಲ್ಲಿ ಬಿಟ್ಟುಕೊಟ್ಟಾಗ. 'ಪ್ರೈಡ್ ಅಂಡ್ ಪ್ರಿಜುಡಿಸ್'ನ ಹಕ್ಕನ್ನು ಅವರು ಮಾರಿದ್ದು 110 ಪೌಂಡಿಗೆ. ಅಣ್ಣನ ಮಗಳು ಫ್ಯಾನಿ ನೈಟ್ ತನ್ನ ಮದುವೆಯ ವಿಷಯದಲ್ಲಿ ಸಲಹೆ ಕೇಳಿದಾಗ, 1814ರಲ್ಲಿ, ಒಲವಿಲ್ಲದ ಮದುವೆಗಿಂತ ಬೇರೆ ಏನನ್ನಾದರೂ ಸಹಿಸಬಹುದು ಎಂಬ ಅರ್ಥದಲ್ಲಿ ಬರೆದರು. ಅದೇ ಹುಡುಗಿಗೆ 1817ರಲ್ಲಿ, ಒಂಟಿ ಹೆಂಗಸರು ಬಡವರಾಗಿಬಿಡುತ್ತಾರೆ, ಮದುವೆಯ ಪರವಾಗಿ ಅದೊಂದು ಬಲವಾದ ಕಾರಣ ಎಂದೂ ಬರೆದರು. ಎರಡೂ ಮಾತು ಒಬ್ಬರದೇ, ಎರಡೂ ಅನುಭವದಿಂದ ಬಂದವು. ಆ ವರ್ಷವೇ ಜುಲೈ 18ರಂದು, 41ರ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ತಂದೆ ಕೇಳಿದ ಪ್ರಶ್ನೆ

ತಂದೆತಾಯಂದಿರು ಓದಬೇಕಾದ ಪುಸ್ತಕ ಮಾತ್ರ 'ಪ್ರೈಡ್ ಅಂಡ್ ಪ್ರಿಜುಡಿಸ್' ಅಲ್ಲ. 1814ರ 'ಮ್ಯಾನ್ಸ್‌ಫೀಲ್ಡ್ ಪಾರ್ಕ್'. ಅದರಲ್ಲಿ ಸರ್ ಥಾಮಸ್ ಬರ್ಟ್ರಮ್ ಎಂಬ ಗಂಭೀರ, ಧರ್ಮಭೀರು ಗೃಹಸ್ಥನಿದ್ದಾನೆ. ಅವನು ಆಂಟಿಗುವಾ ದ್ವೀಪದಲ್ಲಿದ್ದ ತನ್ನ ಆಸ್ತಿಯ ಕೆಲಸಕ್ಕಾಗಿ ಹೋಗಿದ್ದಾಗ, ಇಲ್ಲಿ ದೊಡ್ಡ ಮಗಳು ಮರಿಯಾಳಿಗೆ ರಷ್‌ವರ್ತ್ ಎಂಬವನ ಜೊತೆ ನಿಶ್ಚಯವಾಗುತ್ತದೆ. ವರ್ಷಕ್ಕೆ 12,000 ಪೌಂಡ್ ವರಮಾನ, ಲಂಡನ್ನಿನಲ್ಲಿ ಮನೆ. ಬುದ್ಧಿ ಮಾತ್ರ ಸೊನ್ನೆ. ಅಷ್ಟರಲ್ಲಿ ಮರಿಯಾಳ ಮನಸ್ಸು ಹೆನ್ರಿ ಕ್ರಾಫರ್ಡ್ ಎಂಬ ಮೋಜುಗಾರನ ಕಡೆ ತಿರುಗುತ್ತದೆ. ಅವನು ಆಟವಾಡಿಸಿ ಹೊರಟುಹೋಗುತ್ತಾನೆ.

ಊರಿಗೆ ಮರಳಿದ ತಂದೆ ಭಾವೀ ಅಳಿಯನನ್ನು ನೋಡುತ್ತಾನೆ. ಇವನು ಪೆದ್ದ, ಮಗಳಿಗೆ ಇವನಲ್ಲಿ ಗೌರವವೇ ಇಲ್ಲ ಎಂದು ಅವನಿಗೆ ತಿಳಿಯುತ್ತದೆ. ಮಗಳನ್ನು ಕರೆದು ಕೇಳುತ್ತಾನೆ: ನಿನಗೆ ಇಷ್ಟವಿಲ್ಲದಿದ್ದರೆ ಹೇಳು, ಎಷ್ಟೇ ಕಷ್ಟವಾದರೂ ಈ ಸಂಬಂಧ ಮುರಿಯುತ್ತೇನೆ ಎಂದು. ಎಷ್ಟು ತಂದೆಯರು ಹೀಗೆ ಕೇಳುತ್ತಾರೆ? ಆದರೆ ಮರಿಯಾ ಕ್ಷಣ ಮಾತ್ರ ತಡೆದು, ತನಗೆ ಯಾವ ಸಂದೇಹವೂ ಇಲ್ಲ ಎಂದುಬಿಡುತ್ತಾಳೆ. ಕೈಬಿಟ್ಟುಹೋದವನ ಮೇಲಿನ ಛಲ, ತಂದೆಯ ಶಿಸ್ತಿನ ಮನೆಯಿಂದ ಹೇಗಾದರೂ ಹೊರಗೆ ಹೋಗಬೇಕೆಂಬ ತವಕ, ಇವೆರಡೂ ಆ ಉತ್ತರದ ಹಿಂದೆ ಇವೆ. ಸರ್ ಥಾಮಸನಿಗೆ ಸಮಾಧಾನವಾಗುತ್ತದೆ. ಇಂಥ ದೊಡ್ಡ ಸಂಬಂಧ ತಪ್ಪಿಹೋಗಲಿಲ್ಲವಲ್ಲ ಎಂಬ ಸಮಾಧಾನದಲ್ಲಿ ಅವನು ಎರಡನೆಯ ಸಲ ಕೇಳುವುದಿಲ್ಲ. ಮದುವೆಯಾಗುತ್ತದೆ. ವರ್ಷ ತುಂಬುವುದರೊಳಗೆ ಮರಿಯಾ ಅದೇ ಕ್ರಾಫರ್ಡನ ಜೊತೆ ಮನೆ ಬಿಟ್ಟು ಓಡುತ್ತಾಳೆ. ವಿಚ್ಛೇದನ, ಅಪಕೀರ್ತಿ, ಕೊನೆಗೆ ದೂರದ ಊರಿನಲ್ಲಿ ದೊಡ್ಡಮ್ಮನ ಜೊತೆ ಮರೆಯ ಬಾಳು.

ಇದಕ್ಕಿಂತ ಹೆಚ್ಚು ನೋವಾಗುವುದು ಅದೇ ಮನೆಯಲ್ಲಿ ಬೆಳೆದ ಬಡ ಸಂಬಂಧಿ ಫ್ಯಾನಿಯ ಕಥೆ ಓದುವಾಗ. ಹತ್ತು ವರ್ಷದವಳಾಗಿ ಬಂದು, ಅನ್ನದ ಋಣದಲ್ಲಿ ತಲೆ ಎತ್ತದೆ ಬೆಳೆದವಳು. ಮರಿಯಾಳ ಮದುವೆಯ ನಂತರ ಕ್ರಾಫರ್ಡ್ ಫ್ಯಾನಿಯನ್ನೇ ಕೇಳುತ್ತಾನೆ. ಕೇಳುವ ಮೊದಲು ಅವಳ ಅಣ್ಣ ವಿಲಿಯಮನಿಗೆ ನೌಕಾಪಡೆಯಲ್ಲಿ ಬಡ್ತಿ ಕೊಡಿಸಿ ಉಪಕಾರದ ಭಾರವನ್ನೂ ಹೊರಿಸಿರುತ್ತಾನೆ. ಅವನ ನಡತೆಯನ್ನು ಕಣ್ಣಾರೆ ಕಂಡಿದ್ದ ಫ್ಯಾನಿ ಒಪ್ಪುವುದಿಲ್ಲ. ಕಾರಣ ಹೇಳಿದರೆ ಮರಿಯಾಳ ಮಾನ ಹೋಗುತ್ತದೆ, ಆದ್ದರಿಂದ ಹೇಳಲಾರಳು. ಸರ್ ಥಾಮಸ್ ಅವಳ ಕೋಣೆಗೆ ಬಂದು ಹಟಮಾರಿ, ಸ್ವಾರ್ಥಿ, ಕೃತಘ್ನೆ ಎಂಬ ಧಾಟಿಯಲ್ಲಿ ಗದರುತ್ತಾನೆ. ಚಳಿಗಾಲದಲ್ಲೂ ಆ ಕೋಣೆಯಲ್ಲಿ ಬೆಂಕಿ ಹಾಕುವ ಪದ್ಧತಿ ಇರಲಿಲ್ಲ. ಅವನು ಅದನ್ನು ಅಂದೇ ಮೊದಲ ಬಾರಿಗೆ ಗಮನಿಸುತ್ತಾನೆ. ಅವಳು ಅತ್ತು ಮುಗಿಸಿ ಹೊರಗೆ ತಿರುಗಾಡಿ ಬರುವಷ್ಟರಲ್ಲಿ ಕೋಣೆಯಲ್ಲಿ ಬೆಂಕಿ ಉರಿಯುತ್ತಿರುತ್ತದೆ. ಇನ್ನು ಮೇಲೆ ದಿನವೂ ಹಾಕಬೇಕೆಂದು ಯಜಮಾನರ ಅಪ್ಪಣೆಯಾಗಿದೆ! ಫ್ಯಾನಿ ಆ ದಯೆಗೆ ಕರಗಿ, ತಾನೇ ತಪ್ಪಿತಸ್ಥಳೇನೋ ಎಂದು ಇನ್ನಷ್ಟು ಕುಗ್ಗುತ್ತಾಳೆ. ಬೈದು ಒಪ್ಪಿಸುವುದಕ್ಕಿಂತ ಹೀಗೆ ಪ್ರೀತಿ ತೋರಿಸಿ ಒಪ್ಪಿಸುವುದು ಎಷ್ಟು ಸುಲಭವೆಂದು ನಮ್ಮ ಮನೆಗಳಿಗೂ ಗೊತ್ತು. ಅದಕ್ಕೂ ಬಗ್ಗದಾಗ ಅವಳನ್ನು ಪೋರ್ಟ್ಸ್‌ಮೌತಿನ ತವರಿಗೆ ಕಳುಹಿಸುತ್ತಾನೆ. ಗದ್ದಲ, ಕೊಳಕು, ಕುಡಿಯುವ ಅಪ್ಪ. ಬಡತನದ ರುಚಿ ಕಂಡರೆ ಶ್ರೀಮಂತ ಗಂಡನ ಬೆಲೆ ತಿಳಿದೀತು ಎಂಬುದು ಅವನ ಲೆಕ್ಕ.

ಸರ್ ಥಾಮಸ್ ದುಷ್ಟನಲ್ಲ. ಆ ಪುಸ್ತಕದ ಶಕ್ತಿ ಇರುವುದೇ ಅಲ್ಲಿ.

ಧರ್ಮಸಭೆ ನೋಡುವುದೇನನ್ನು?

ಈ ಪಾತ್ರಗಳೆಲ್ಲ ಆಂಗ್ಲಿಕನರು. ಅಂದಿನ ಇಂಗ್ಲೆಂಡಿನಲ್ಲಿ ಕಥೋಲಿಕರು ಸಹ, 1753ರ ವಿವಾಹ ಕಾಯ್ದೆಯ ಪ್ರಕಾರ, ಕಾನೂನಿನ ಮಾನ್ಯತೆ ಬೇಕಾದರೆ ಆಂಗ್ಲಿಕನ್ ಚರ್ಚಿನಲ್ಲೇ ಮದುವೆಯಾಗಬೇಕಿತ್ತು. ಆ ಕಟ್ಟು ಸಡಿಲವಾದದ್ದು 1836ರ ಕಾಯ್ದೆಯಿಂದ. ಆದರೂ ನಮ್ಮ ಧರ್ಮಸಭೆಯ ಕಣ್ಣಿನಿಂದ ಇವರ ಕಥೆಯನ್ನು ತೂಗಿ ನೋಡುವುದರಲ್ಲಿ ಲಾಭವಿದೆ.

ಮದುವೆಯನ್ನು ಮದುವೆಯಾಗಿಸುವುದು ವಧೂವರರ ಸಮ್ಮತಿ. ಅದನ್ನು ಬೇರೆ ಯಾವ ಮನುಷ್ಯ ಶಕ್ತಿಯೂ ತುಂಬಿಕೊಡಲಾರದು ಎನ್ನುತ್ತದೆ 1983ರ ಧರ್ಮಸಭೆಯ ಕಾನೂನು ಸಂಹಿತೆಯ 1057ನೆಯ ನಿಯಮ. ಇದು ಹೊಸ ಮಾತಲ್ಲ. 1563ರಲ್ಲಿ ಟ್ರೆಂಟ್ ಮಹಾಸಭೆ ಗುರುವಿನ ಮತ್ತು ಸಾಕ್ಷಿಗಳ ಸಮ್ಮುಖದಲ್ಲಿಯೇ ವಿವಾಹ ನಡೆಯಬೇಕೆಂದು ವಿಧಿಸಿದಾಗ, ತಂದೆತಾಯಿಯ ಒಪ್ಪಿಗೆಯಿಲ್ಲದ ಮದುವೆ ಮದುವೆಯೇ ಅಲ್ಲವೆಂಬ ವಾದವನ್ನು ಒಪ್ಪಲಿಲ್ಲ. ಹಾಗೆಂದು ಹಿರಿಯರ ಮಾತು ಬೇಡವೆಂದಲ್ಲ. ಹುಡುಗನ ನೌಕರಿ, ಮನೆತನ, ಆರೋಗ್ಯ ವಿಚಾರಿಸುವುದು ಪಾಪವೂ ಅಲ್ಲ. ಅನುಕೂಲ ನೋಡಿ ಒಪ್ಪಿದಳು ಎಂಬ ಕಾರಣಕ್ಕೇ ಮದುವೆ ಅಸಿಂಧುವಾಗುವುದಿಲ್ಲ. ಷಾರ್ಲೆಟಳಂತೆ ತಿಳಿದು ಒಪ್ಪಿ ಬಾಳಿದವರನ್ನು ಧರ್ಮಸಭೆ ನಿಜವಾದ ದಂಪತಿಗಳೆಂದೇ ಎಣಿಸುತ್ತದೆ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ದಾಂಪತ್ಯ ಪ್ರೀತಿಯ ಕುರಿತು ಹೇಳುವಾಗ, ಅದನ್ನು ಬರಿಯ ಭಾವುಕ ಆಕರ್ಷಣೆಯಾಗಿ ಅಲ್ಲ, ಮನುಷ್ಯನ ಸಂಕಲ್ಪದಲ್ಲಿ ಬೇರೂರಿದ್ದಾಗಿ ಕಂಡಿತು.

ಆದರೆ 1103ನೆಯ ನಿಯಮವನ್ನು ಪ್ರತಿ ತಂದೆತಾಯಿ ತಿಳಿದಿರಬೇಕು. ಹೊರಗಿನಿಂದ ಬಂದ ಒತ್ತಾಯದಿಂದಲೋ ತೀವ್ರವಾದ ಭಯದಿಂದಲೋ, ಪಾರಾಗಲು ಮದುವೆಯೊಂದೇ ದಾರಿಯೆಂಬಂತೆ ಆದ ಮದುವೆ ಅಸಿಂಧು. ಆ ಭಯವನ್ನು ಯಾರೂ ಬೇಕೆಂದೇ ಹುಟ್ಟಿಸದಿದ್ದರೂ ಸಹ! ಅಂದರೆ, "ನಾವೇನು ಹೊಡೆದೆವೇ ಬಡಿದೆವೇ?" ಎಂದು ಕೇಳಿದರೆ ಸಾಲದು. ತಂದೆ ಊಟ ಬಿಟ್ಟು ಮಲಗುವುದು, ತಾಯಿ ಎದೆನೋವು ಎನ್ನುವುದು, "ನಿನ್ನ ತಂಗಿಯ ಗತಿಯೇನು?" ಎಂದು ಅಣ್ಣ ಕೇಳುವುದು, ಇವೆಲ್ಲ ಸೇರಿ ಹುಡುಗಿಯ ಬಾಯಿ ಕಟ್ಟಬಹುದು. ಫ್ಯಾನಿ ಗಟ್ಟಿಯಾಗಿ ನಿಂತಳು. ಎಲ್ಲ ಹುಡುಗಿಯರೂ ಫ್ಯಾನಿಯರಲ್ಲ.

ಅನುಕೂಲದ ಮದುವೆಯಲ್ಲೂ ಪ್ರೀತಿ ಬೆಳೆಯುವುದಿಲ್ಲವೇ ಎಂದು ನೀವು ಕೇಳಬಹುದು. ಬೆಳೆಯುತ್ತದೆ. ಆ ಕಾಲವನ್ನೇ ಚಿತ್ರಿಸಿದ ಜಾರ್ಜೆಟ್ ಹೇಯರ್ ಅವರ 'ಎ ಸಿವಿಲ್ ಕಾಂಟ್ರಾಕ್ಟ್' ಇದನ್ನೇ ಹೇಳುತ್ತದೆ. ಅದು ಬಂದದ್ದು 1961ರಲ್ಲಿ; ನಮ್ಮ ದೇಶದಲ್ಲಿ ವರದಕ್ಷಿಣೆ ನಿಷೇಧ ಕಾಯ್ದೆ ಬಂದ ವರ್ಷವೂ ಅದೇ, ಕಾಕತಾಳೀಯವಾಗಿ. ಅದರಲ್ಲಿ ಯುದ್ಧದಿಂದ ಮರಳಿದ ಆಡಮ್ ತಂದೆ ಬಿಟ್ಟುಹೋದ ಸಾಲ ತೀರಿಸಲು, ತಾನು ಪ್ರೀತಿಸಿದ ಜೂಲಿಯಾಳನ್ನು ಬಿಟ್ಟು, ವ್ಯಾಪಾರಿ ಚಾಲಿಯ ಮಗಳು ಜೆನ್ನಿಯನ್ನು ಮದುವೆಯಾಗುತ್ತಾನೆ. ಜೆನ್ನಿ ಸುಂದರಿಯಲ್ಲ, ಅವನನ್ನು ಒಳಗೊಳಗೇ ಪ್ರೀತಿಸುತ್ತಾಳೆ, ಹೇಳುವುದಿಲ್ಲ. ಅವನ ಊಟ, ನಿದ್ದೆ, ಜಮೀನಿನ ಚಿಂತೆ ಎಲ್ಲವನ್ನೂ ತನ್ನದಾಗಿಸಿಕೊಳ್ಳುತ್ತಾಳೆ. ವರ್ಷ ಕಳೆಯುವುದರಲ್ಲಿ ಆಡಮನಿಗೆ ಅವಳಿಲ್ಲದ ಮನೆ ಮನೆಯಲ್ಲ ಎನ್ನಿಸುತ್ತದೆ. ಆದರೆ ಗಮನಿಸಿ: ಅಲ್ಲಿ ಯಾರೂ ಯಾರಿಗೂ ಮೋಸ ಮಾಡಿರಲಿಲ್ಲ. ಇದು ಹಣಕ್ಕಾಗಿ ಆದ ಸಂಬಂಧವೆಂದು ಇಬ್ಬರಿಗೂ ಮೊದಲ ದಿನದಿಂದ ಗೊತ್ತಿತ್ತು. ಮಾತು ಕೊಟ್ಟ ಮೇಲೆ ಇಬ್ಬರೂ ಅದರ ಮೇಲೆಯೇ ಮನೆ ಕಟ್ಟಿದರು. ಮರಿಯಾ ಬಲಿಪೀಠದ ಮುಂದೆ ನಿಂತದ್ದು ಬೇರೊಬ್ಬನಿಗೆ ಪಾಠ ಕಲಿಸಲು.

ನಮ್ಮ ಧರ್ಮಕೇಂದ್ರಗಳಲ್ಲಿ ಮದುವೆಗೆ ಮುಂಚೆ ಗುರುಗಳು ವಧುವನ್ನೂ ವರನನ್ನೂ ಬೇರೆ ಬೇರೆಯಾಗಿ ಕೂರಿಸಿ ಪ್ರಶ್ನೆ ಕೇಳಿ ಬರೆದುಕೊಳ್ಳುತ್ತಾರೆ. ಸ್ವಇಚ್ಛೆಯಿಂದ ಬಂದಿದ್ದೀರಾ ಎಂಬ ಪ್ರಶ್ನೆ ಅದರಲ್ಲಿದೆ. ವಿವಾಹ ವಿಧಿಯಲ್ಲಿ ಎಲ್ಲರೆದುರು ಮತ್ತೊಮ್ಮೆ ಅದನ್ನು ಕೇಳುತ್ತಾರೆ. ಆದರೆ ಆ ಹೊತ್ತಿಗೆ ಛತ್ರ ಗೊತ್ತಾಗಿರುತ್ತದೆ, ಸೀರೆ ಕೊಂಡಾಗಿರುತ್ತದೆ, ಪ್ರಕಟಣೆಯನ್ನು ಚರ್ಚಿನಲ್ಲಿ ಓದಿಯಾಗಿರುತ್ತದೆ. ಹೊರಗೆ ಬೆಂಚಿನ ಮೇಲೆ ಅಪ್ಪ ಕಾದು ಕೂತಿರುತ್ತಾರೆ. ಅಲ್ಲಿ 'ಇಲ್ಲ' ಎನ್ನಲು ಯಾವ ಹುಡುಗಿಗೆ ಧೈರ್ಯ ಬಂದೀತು? ಆ ಪ್ರಶ್ನೆಯನ್ನು ಕೇಳಬೇಕಾದ ಕಾಲ ಅದಕ್ಕಿಂತ ಬಹಳ ಮೊದಲು, ಮನೆಯಲ್ಲಿ, ಒಂದಲ್ಲ ಎರಡು ಸಲ.

'ಮ್ಯಾನ್ಸ್‌ಫೀಲ್ಡ್ ಪಾರ್ಕ್' ಮನೆಯಲ್ಲಿದ್ದರೆ, ಸರ್ ಥಾಮಸ್ ಮರಿಯಾಳನ್ನು ಕರೆದು ಕೇಳುವ ಆ ಪುಟವನ್ನು ಮಗಳೊಂದಿಗೆ ಕೂತು ಓದಿ. ಅಂದು ಮರಿಯಾ ನಿಜ ಹೇಳಬೇಕಾಗಿದ್ದರೆ ತಂದೆ ಇನ್ನೇನು ಹೇಳಬೇಕಾಗಿತ್ತು ಎಂದು ಅವಳನ್ನೇ ಕೇಳಿ ನೋಡಿ.